ಓತಿಕ್ಯಾತನ ಜೊತೆ ಕುಸ್ತಿ

ಐದನೇ ಸೆಮಿಸ್ಟರ್‌ನ ಮಿನಿ ಪ್ರಾಜೆಕ್ಟ್ ರಿವ್ಯೂಗೆ ಮೂರು ವಾರ ಬಾಕಿ ಇತ್ತು. ಹಾಸ್ಟೆಲ್ ರೂಮಿನಲ್ಲಿ ನಾವು ನಾಲ್ವರು ಮಾತ್ರ ಲ್ಯಾಪ್‌ಟಾಪ್ ಮುಂದೆ ಕೂತು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆವು. ನೋಡುತ್ತಿದ್ದುದು ‘ಸ್ಟಾರ್ ಟ್ರೆಕ್’ ಎಂಬ ಹಳೇ ಅಮೆರಿಕನ್ ಧಾರಾವಾಹಿಯ ‘ಅರೀನಾ’ ಕಂತು. 1967ರದ್ದು. ಕ್ಯಾಪ್ಟನ್ ಕಿರ್ಕ್ ಯಾವುದೋ ಗ್ರಹದಲ್ಲಿ ಹಲ್ಲಿಯಂಥ ಜೀವಿಯೊಂದಿಗೆ ಹೊಡೆದಾಡುತ್ತಾನೆ. ಅದು ರಬ್ಬರ್ ವೇಷ ತೊಟ್ಟ ಮನುಷ್ಯ ಎಂದು ಎಳೆಮಗುವಿಗೂ ಗೊತ್ತಾಗುತ್ತದೆ. ಆ ಜೀವಿ ಎತ್ತಿದ ಕೈ ಇಳಿಸುವಷ್ಟರಲ್ಲಿ ಕಿರ್ಕ್ ಒಂದು ಟೀ ಕುಡಿದು ಬರಬಹುದು!

ಹಡಗಿಗೆ ಏಟು ಬಿದ್ದರೆ ಕ್ಯಾಮೆರಾ ಅಲುಗುತ್ತದೆ, ನಟರು ತಾವೇ ಆ ಕಡೆ ಈ ಕಡೆ ವಾಲುತ್ತಾರೆ. ಡಾಕ್ಟರ್ ಕೈಯಲ್ಲಿರುವ ಕೆಲವು ಉಪಕರಣಗಳು ನಿಜಕ್ಕೂ ಊಟದ ಟೇಬಲ್ಲಿನ ಉಪ್ಪಿನ ಡಬ್ಬಿಗಳು. ವಾರವಾರವೂ ಹಡಗು ಇಳಿಯುವುದನ್ನು ತೋರಿಸಲು ದುಡ್ಡಿರಲಿಲ್ಲ. ಅದಕ್ಕೇ ಮನುಷ್ಯರು ಮಿಣಮಿಣ ಹೊಳೆದು ಮಾಯವಾಗುವ ‘ಟ್ರಾನ್ಸ್‌ಪೋರ್ಟರ್’ ಹುಟ್ಟಿದ್ದು. ಆ ಮಿಣಮಿಣವೂ ಬೆಳಕಿನಲ್ಲಿ ಉದುರಿಸಿದ ಅಲ್ಯುಮಿನಿಯಂ ಪುಡಿ.

ಅಷ್ಟರಲ್ಲಿ ಅಪ್ಪನ ಫೋನ್ ಬಂತು. ಯಾಕೆ ನಗುತ್ತಿದ್ದೇವೆಂದು ಹೇಳಿದೆ.

“ಆ ಓತಿಕ್ಯಾತ ಬರೋದು ತಾನೇ? ನಾವು ಚಿಕ್ಕವರಿದ್ದಾಗ ಭಾನುವಾರ ಬೆಳಿಗ್ಗೆ ದೂರದರ್ಶನದಲ್ಲಿ ಹಾಕ್ತಿದ್ರು ಕಣೋ. ಇಂಗ್ಲಿಷ್ ಒಂದಕ್ಷರ ತಿಳೀತಿರಲಿಲ್ಲ. ಆ ಕ್ಯಾಪ್ಟನ್ ಮುಖ ನೋಡಿದ್ರೆ, ಇವತ್ತು ಇವನು ಸತ್ತೇ ಹೋಗ್ತಾನೆ ಅಂತ ಕೈಕಾಲು ನಡುಗೋದು.”

ರಾತ್ರಿ ಒಬ್ಬನೇ ಕೂತು ಮತ್ತೆ ನೋಡಿದೆ. ಈ ಸಲ ರಬ್ಬರ್ ಬಿಟ್ಟು ಮುಖ ನೋಡಿದೆ. ಕಿರ್ಕ್ ಪಾತ್ರದ ವಿಲಿಯಂ ಶಾಟ್ನರ್ ಒಂದು ಕ್ಷಣವೂ ‘ಇದೆಲ್ಲ ತಮಾಷೆ’ ಎನ್ನುವಂತೆ ನಟಿಸಿಲ್ಲ. ಅಲ್ಲಿ ಸಿಕ್ಕ ಗಂಧಕ, ಇದ್ದಿಲು, ಪೆಟ್ಲುಪ್ಪು ಸೇರಿಸಿ ಬಿದಿರಿನಂಥ ಬೊಂಬಿನಲ್ಲೇ ಫಿರಂಗಿ ಮಾಡುತ್ತಾನೆ. ಗೆದ್ದ ಮೇಲೆ ಎದುರಾಳಿಯನ್ನು ಕೊಲ್ಲುವುದಿಲ್ಲ. ಅದು ತನ್ನ ನೆಲ ಉಳಿಸಿಕೊಳ್ಳಲು ಬಂದಿರಬಹುದು ಎಂದು ಯೋಚಿಸುತ್ತಾನೆ. ಅಮೆರಿಕ–ರಷ್ಯಾ ಶೀತಲ ಸಮರದ ಕಾಲದಲ್ಲಿ ಇದೇ ಧಾರಾವಾಹಿ ಕಪ್ಪು ಮಹಿಳೆ, ಜಪಾನಿ ಮೂಲದವ, ರಷ್ಯನ್ ಎಲ್ಲರನ್ನೂ ಒಂದೇ ಹಡಗಿನಲ್ಲಿ ಕೂರಿಸಿತ್ತು. ಸೆಟ್ ಅಗ್ಗದ್ದು, ಮಾತು ಅಗ್ಗದ್ದಲ್ಲ.

ಬ್ರಿಟನ್ನಿನ ‘ಡಾಕ್ಟರ್ ಹೂ’ ಕೂಡ ಹೀಗೇ. 1963ರಲ್ಲಿ ಶುರುವಾದ ಅದರಲ್ಲಿ ಕಾಲಯಂತ್ರ ಹೊರಡುವ ಸದ್ದು ಹುಟ್ಟಿದ್ದು ಪಿಯಾನೊ ತಂತಿಯ ಮೇಲೆ ಮನೆಯ ಬೀಗದ ಕೈ ಉಜ್ಜಿ. ನಗು ಬರುವುದು ನಿಜ. ಆದರೆ ಆ ನಗುವಿನಲ್ಲಿ ಪ್ರೀತಿ ಸೇರಿಕೊಳ್ಳುವುದು, ಅವರು ಕೈಯಲ್ಲಿದ್ದುದನ್ನೇ ನಾಚಿಕೆಯಿಲ್ಲದೆ ಪೂರ್ತಿ ನಂಬಿ ಮಾಡಿದ್ದರಿಂದ.

ನನಗೋ ನಾಚಿಕೆಯದ್ದೇ ಸಮಸ್ಯೆ. ನಮ್ಮ ತಂಡ ಒಂಬತ್ತು ಸಾವಿರ ಕೊಟ್ಟು ರೆಡಿಮೇಡ್ ರೋಬೊ ತರುವುದೆಂದು ಮಾತಾಡಿಕೊಂಡಿತ್ತು. ನನ್ನ ಪಾಲಿನ ದುಡ್ಡು ಅಪ್ಪನನ್ನು ಕೇಳಬೇಕಿತ್ತು. ಅಪ್ಪನೋ ತ್ರೀ ಫೇಸ್ ಕರೆಂಟ್ ಯಾವಾಗ ಬರುತ್ತದೋ ಎಂದು ರಾತ್ರಿಯಿಡೀ ಪಂಪ್‌ಹೌಸ್‌ನಲ್ಲಿ ಕಾಯುವವರು. ಕರೆಂಟ್ ಬಂದ ಕೂಡಲೇ ಮೊಬೈಲ್‌ಗೆ ರಿಂಗ್ ಕೊಡುವ ಯಂತ್ರದ ಯೋಚನೆ ನನಗೆ ಬಹಳ ದಿನದಿಂದ ಇತ್ತು. ‘ಚೆನ್ನಾಗಿ ಕಾಣಲ್ಲ’ ಎಂದು ಬಾಯಿ ಬಿಟ್ಟಿರಲಿಲ್ಲ ಅಷ್ಟೇ.

ಮರುದಿನ ಹೇಳಿದೆ. ಇಬ್ಬರು ಬೇರೆ ತಂಡಕ್ಕೆ ಹೋದರು. ಉಳಿದ ಇಬ್ಬರು ಹಳೇ ಬಿಸ್ಕೆಟ್ ಡಬ್ಬಿಯಲ್ಲೇ ಸರ್ಕ್ಯೂಟ್ ಕೂರಿಸಿದೆವು. ರಿವ್ಯೂ ದಿನ “ಇದೇನಪ್ಪಾ, ತಿಂಡಿ ತಂದಿದ್ದೀರಾ?” ಎಂದರು. ಕ್ಲಾಸೆಲ್ಲ ನಕ್ಕಿತು. ಮುಖ ಬಿಸಿಯಾಯಿತು. ಕಿರ್ಕ್‌ನ ನೆನೆದು, ಒಂದಿಷ್ಟೂ ನಗದೆ, ಹತ್ತು ನಿಮಿಷ ವಿವರಿಸಿದೆ. ಅಂಕ ಹೇಳಿಕೊಳ್ಳುವಷ್ಟು ಬರಲಿಲ್ಲ. ರೋಬೊ ತಂದವರಿಗೇ ಹೆಚ್ಚು ಬಂತು.

ರಜೆಯಲ್ಲಿ ಡಬ್ಬಿಯನ್ನು ಪಂಪ್‌ಹೌಸ್‌ನಲ್ಲಿಟ್ಟು ಬಂದೆ. ಈಗ ಅಪ್ಪ ಮನೆಯಲ್ಲೇ ಮಲಗುತ್ತಾರೆ. ಮೊನ್ನೆ ಬೆಳಿಗ್ಗೆ ಫೋನ್ ಮಾಡಿದ್ದರು:

“ರಾತ್ರಿ ಎರಡು ಗಂಟೆಗೆ ನಿನ್ನ ಓತಿಕ್ಯಾತ ಎಬ್ಬಿಸ್ತು ಕಣೋ. ತೋಟಕ್ಕೆಲ್ಲ ನೀರಾಯ್ತು.”