ನೆಲೆ ತಪ್ಪಿದ ಬಾಲಕ, ನೆಲೆ ನಿಂತ ನಾಯಕ

ನಿರಾಶ್ರಿತರೆಂದೊಡನೆ ನಮಗೆ ಪಂಜಾಬ, ಬಂಗಾಳಗಳ ನೆನಪಾಗುವುದು ಸಹಜ. ಆದರೆ ಯಾವ ದೇಶದ ಗಡಿಯನ್ನೂ ದಾಟದೆ, ತನ್ನ ನಾಡಿನೊಳಗೇ ಮನುಷ್ಯನು ನಿರಾಶ್ರಿತನಾಗಬಲ್ಲನು. ಇದಕ್ಕೆ ದೃಷ್ಟಾಂತವನ್ನು ದೂರದಲ್ಲಿ ಹುಡುಕಬೇಕಾಗಿಲ್ಲ. ಚಿತ್ತಾಪುರದ ಶಾಸಕರಾಗಿದ್ದ ಮಲ್ಲಿಕಾರ್ಜುನ ಖರ್ಗೆಯವರ ಜೀವನವೇ ಸಾಕು.

ಖರ್ಗೆಯವರು ಜನಿಸಿದುದು 1942ರಲ್ಲಿ, ಬೀದರ ಜಿಲ್ಲೆಯ ಭಾಲ್ಕಿ ತಾಲ್ಲೂಕಿನ ವರವಟ್ಟಿಯಲ್ಲಿ. ಆಗ ಬೀದರ, ಕಲಬುರ್ಗಿಗಳು ಹೈದರಾಬಾದಿನ ನಿಜಾಮರ ಸಂಸ್ಥಾನಕ್ಕೆ ಸೇರಿದ್ದವು. ದೇಶವು ಸ್ವತಂತ್ರವಾದರೂ ನಿಜಾಮರು ಭಾರತದ ಒಕ್ಕೂಟವನ್ನು ಸೇರಲೊಪ್ಪಲಿಲ್ಲ. ರಜಾಕಾರರೆಂಬ ಸಶಸ್ತ್ರ ತಂಡಗಳ ಹಾವಳಿ ಹಳ್ಳಿಗಳಿಗೆ ಹಬ್ಬಿತು. 1948ರಲ್ಲಿ ಅವರು ಹಚ್ಚಿದ ಬೆಂಕಿಯಲ್ಲಿ ಬಾಲಕನ ತಾಯಿಯೂ ಸೋದರಿಯೂ ಬಲಿಯಾದರು. ತಂದೆ ಮಾಪಣ್ಣನವರು ಉಳಿದ ಮಗನನ್ನು ಕರೆದುಕೊಂಡು ಊರು ಬಿಟ್ಟರು. ಕೊನೆಗೆ ಕಲಬುರ್ಗಿಯಲ್ಲಿ ನೆಲೆಸಿದರು. ಅದೇ ವರುಷದ ಸೆಪ್ಟೆಂಬರಿನಲ್ಲಿ ನಡೆದ ಪೋಲೀಸ್ ಕಾರ್ಯಾಚರಣೆಯಿಂದ ನಿಜಾಮರ ಆಳಿಕೆ ಕೊನೆಗೊಂಡಿತು.

ನೆಲೆ ತಪ್ಪಿದವನು ಮತ್ತೆ ನೆಲೆಯೂರುವುದು ಹೇಗೆ? ಖರ್ಗೆಯವರಿಗೆ ಮೊದಲ ಮೆಟ್ಟಿಲಾದುದು ವಿದ್ಯೆ. ಕಲಬುರ್ಗಿಯ ಸರಕಾರಿ ಕಾಲೇಜಿನಲ್ಲಿ ಅವರು ವಿದ್ಯಾರ್ಥಿ ಸಂಘದ ಪ್ರಧಾನ ಕಾರ್ಯದರ್ಶಿಯಾದರು. ಬಳಿಕ ಕಾನೂನು ಓದಿ, 1969ರಲ್ಲಿ ಎಂ.ಎಸ್.ಕೆ. ಮಿಲ್ಲಿನ ನೌಕರರ ಸಂಘಕ್ಕೆ ಸಲಹೆಗಾರರಾದರು. ಅದೇ ವರುಷ ಕಾಂಗ್ರೆಸ್ಸಿನ ನಗರಾಧ್ಯಕ್ಷರೂ ಆದರು. 1972ರಿಂದ 2004ರ ವರೆಗೆ ಗುರುಮಿಠಕಲ್ ಮತದಾರರು ಅವರನ್ನು ಎಂಟು ಸಲ ವಿಧಾನಸಭೆಗೆ ಕಳುಹಿಸಿದರು. ಕ್ಷೇತ್ರಗಳ ಪುನರ್ವಿಂಗಡಣೆಯಾದ ಮೇಲೆ, 2008ರಲ್ಲಿ, ಚಿತ್ತಾಪುರದಿಂದ ಗೆದ್ದುದು ಒಂಬತ್ತನೆಯ ಜಯ. ‘ಸೋಲಿಲ್ಲದ ಸರದಾರ’ನೆಂಬ ಬಿರುದು ಹೀಗೆ ಬಂದಿತು. ಕಂದಾಯ, ಗೃಹ ಮೊದಲಾದ ಖಾತೆಗಳನ್ನು ಅವರು ನಿರ್ವಹಿಸಿದರು; ಮುಖ್ಯಮಂತ್ರಿಯ ಪದವಿ ಮಾತ್ರ ಒಲಿಯಲಿಲ್ಲ.

ಈ ದೀರ್ಘ ಸೇವೆಯಿಂದ ನಾಡಿಗಾದ ಪ್ರಯೋಜನವೇನೆಂದು ಕೇಳುವುದು ನ್ಯಾಯವೇ. ವಾಡಿಯಲ್ಲಿ ಸಿಮೆಂಟು, ಶಹಾಬಾದದಲ್ಲಿ ಹಾಸುಗಲ್ಲು, ಸೇಡಂ ಸೀಮೆಯಲ್ಲಿ ತೊಗರಿ, ಇಷ್ಟಿದ್ದರೂ ನಮ್ಮ ಜನ ದುಡಿಮೆಗಾಗಿ ಮುಂಬಯಿ, ಪುಣೆ, ಹೈದರಾಬಾದುಗಳಿಗೆ ಗುಳೆ ಹೋಗುವುದು ತಪ್ಪಿಲ್ಲ. 2002ರ ನಂಜುಂಡಪ್ಪ ಸಮಿತಿಯ ವರದಿಯಲ್ಲಿ ಸೇಡಂ, ಚಿತ್ತಾಪುರ, ಚಿಂಚೋಳಿಗಳು ಅತ್ಯಂತ ಹಿಂದುಳಿದ ತಾಲ್ಲೂಕುಗಳ ಸಾಲಿನಲ್ಲಿದ್ದವು. ಅಂದು ಬೆಂಕಿ ಜನರನ್ನು ಊರು ಬಿಡಿಸಿತ್ತು. ಇಂದು ಬಡತನ ಬಿಡಿಸುತ್ತಿದೆ.

ಇದಕ್ಕೊಂದು ಪರಿಹಾರವಾಗಿ ಬಂದುದು ಸಂವಿಧಾನದ 371(ಜೆ) ವಿಧಿ. ಈ ಭಾಗದವರಿಗೆ ಶಿಕ್ಷಣದಲ್ಲಿಯೂ ಸರಕಾರಿ ನೌಕರಿಯಲ್ಲಿಯೂ ಮೀಸಲಾತಿ, ಅಭಿವೃದ್ಧಿಗೆ ಪ್ರತ್ಯೇಕ ಮಂಡಳಿ ಇವು ಅದರ ತಿರುಳು. ಚಿಂಚೋಳಿಯ ಶಾಸಕರಾಗಿದ್ದ ವೈಜನಾಥ ಪಾಟೀಲರಂಥವರು ಇದಕ್ಕಾಗಿ ಬೀದಿಯಲ್ಲಿ ಹೋರಾಡಿದ್ದರು. 2009ರಲ್ಲಿ ಲೋಕಸಭೆಗೆ ಹೋಗಿ ಕೇಂದ್ರ ಕಾರ್ಮಿಕ ಸಚಿವರಾದ ಖರ್ಗೆಯವರು ದಿಲ್ಲಿಯಲ್ಲಿ ಶ್ರಮಿಸಿದರು. 2012ರ ಡಿಸೆಂಬರಿನಲ್ಲಿ ಸಂಸತ್ತು ತಿದ್ದುಪಡಿಯನ್ನು ಅಂಗೀಕರಿಸಿತು.

ಮತದಾರನ ಒಲವು ಯಾರಿಗೂ ಶಾಶ್ವತವಲ್ಲ. 2019ರಲ್ಲಿ ಖರ್ಗೆಯವರು ಚಿಂಚೋಳಿಯ ಶಾಸಕರಾಗಿದ್ದ ಉಮೇಶ ಜಾಧವರಿಂದ ಮೊದಲ ಸೋಲನ್ನುಂಡರು. ಆದರೂ 2020ರಲ್ಲಿ ರಾಜ್ಯಸಭೆಗೆ ಆಯ್ಕೆಯಾಗಿ, 2022ರಲ್ಲಿ ಕಾಂಗ್ರೆಸ್ಸಿನ ಅಖಿಲ ಭಾರತ ಅಧ್ಯಕ್ಷರಾದರು.

ಅವರ ಪಕ್ಷವನ್ನು ಒಪ್ಪುವುದು, ಬಿಡುವುದು ಅವರವರ ವಿವೇಚನೆಗೆ ಸೇರಿದ್ದು. ಆದರೆ ಮನೆ ಸುಟ್ಟುಹೋದ ಬಾಲಕನು ಸೇಡನ್ನು ಹಿಡಿಯದೆ ಪುಸ್ತಕವನ್ನು ಹಿಡಿದನೆಂಬುದು ಎಲ್ಲರೂ ಒಪ್ಪಬೇಕಾದ ಮಾತು. 371(ಜೆ) ವಿಧಿಯ ಬಲದಿಂದ ಓದುತ್ತಿರುವ ವಿದ್ಯಾರ್ಥಿ ಮಿತ್ರರೇ, ಗುಳೆ ಹೋಗುವವರ ಬಂಡಿಯನ್ನು ಊರ ಕಡೆಗೆ ತಿರುಗಿಸುವ ಕೆಲಸ ಇನ್ನೂ ಉಳಿದಿದೆ, ಅದು ನಮ್ಮದು.