ಬಲ್ಲವನ ಭಯ

ಭಯಾನಕ ರಸಕ್ಕೆ ಭಯವೇ ಸ್ಥಾಯಿಯೆಂದು ಭರತಮುನಿ ಹೇಳಿದ್ದಾನೆ. ಆದರೆ ಆ ಭಯ ಕತೆಯಲ್ಲಿ ನೆಲೆನಿಲ್ಲಬೇಕಾದರೆ ಕತೆಯೊಳಗಿನವರಿಗೆ ಎಷ್ಟು ತಿಳಿದಿರಬೇಕು, ಎಷ್ಟು ತಿಳಿದಿರಬಾರದು ಎಂಬ ಲೆಕ್ಕವನ್ನು ಪ್ರತಿಯೊಬ್ಬ ಕತೆಗಾರನೂ ತಾನೇ ಹಾಕಿಕೊಳ್ಳಬೇಕಾಗುತ್ತದೆ. ಕತ್ತಲೆಯ ಕೋಣೆಯಲ್ಲಿ ಏನಿದೆಯೆಂದು ಅರಿಯದವನು ಹೆದರುತ್ತಾನೆ, ಅದು ಸಹಜ. ಅದೇ ಕೋಣೆಗೆ ಭೂತಪ್ರೇತಗಳ ಶಾಸ್ತ್ರವನ್ನೆಲ್ಲ ಅರೆದು ಕುಡಿದವನೊಬ್ಬನನ್ನು ಕಳುಹಿಸಿದರೆ ಕತೆಯ ಗತಿಯೇನು? ಅವನು ದೀಪ ಹಚ್ಚಿ, 'ಇದು ಇಂಥ ಪಿಶಾಚಿ, ಇದಕ್ಕೆ ಇಂಥದು ಮದ್ದು' ಎಂದುಬಿಟ್ಟರೆ ಓದುಗನು ಪುಸ್ತಕ ಮುಚ್ಚಿ ಊಟಕ್ಕೆ ಏಳುತ್ತಾನೆ. ನಮ್ಮ ಬೇತಾಳನ ಕತೆ ಕಟ್ಟಿದವರು ಈ ತೊಡಕನ್ನು ಬಲ್ಲವರು. ಅಲ್ಲಿ ಮಂತ್ರ ಬಲ್ಲ ಸಂನ್ಯಾಸಿಯೇ ಕೇಡಿಗ. ಏನೂ ಅರಿಯದೆ ಹೆಣ ಹೊತ್ತು ನಡೆಯುವ ದೊರೆ ನಾಯಕ.

ಈ ಪ್ರಶ್ನೆ ನನ್ನ ಮುಂದೆ ಬಂದದ್ದು ತರಗತಿಯಲ್ಲಲ್ಲ, ಒಂದು ಆಟದ ಮೂಲಕ. ನನ್ನ ಹಳೆಯ ವಿದ್ಯಾರ್ಥಿಗಳು ಐದು ಮಂದಿ ಬೆಂಗಳೂರಿನಲ್ಲಿ ಭಾನುವಾರದ ಸಂಜೆ ಒಂದು ಮೇಜಿನ ಸುತ್ತ ಕುಳಿತು ಆಡುತ್ತಾರೆ. ಪಗಡೆಯಂತೆ ಮನೆ ಕಟ್ಟಿ ಕಾಯಿ ನಡೆಸುವ ಆಟವಲ್ಲ ಇದು. ಮಾತಿನಲ್ಲೇ ಕತೆಯನ್ನು ನಡೆಸುವ ಆಟ. ಒಬ್ಬನು ಸೂತ್ರಧಾರ, ಉಳಿದವರು ಒಂದೊಂದು ಪಾತ್ರವನ್ನು ತಮ್ಮದಾಗಿಸಿಕೊಂಡು ಆ ಪಾತ್ರ ಏನು ಮಾಡುತ್ತದೆಂದು ಹೇಳುತ್ತಾ ಹೋಗುತ್ತಾರೆ, ಫಲವನ್ನು ದಾಳಗಳು ನಿರ್ಣಯಿಸುತ್ತವೆ. ಅಮೆರಿಕದಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ೧೯೭೪ರಲ್ಲಿ ಹೊರತಂದ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಈ ಬಗೆಯ ಆಟಗಳಿಗೆ ಮೊದಲಿಟ್ಟಿತು. ಅದರಲ್ಲಿ ವೀರವೇ ಪ್ರಧಾನ. ಭಯವನ್ನೇ ಪ್ರಧಾನವಾಗಿ ಇರಿಸಿಕೊಂಡದ್ದು ಸ್ಯಾಂಡಿ ಪೀಟರ್‌ಸನ್ ರಚಿಸಿ, ಕೇಯಾಸಿಯಂ ಸಂಸ್ಥೆ ೧೯೮೧ರಲ್ಲಿ ಪ್ರಕಟಿಸಿದ 'ಕಾಲ್ ಆಫ್ ಕುಥುಲು'. ಹವರ್ಡ್ ಫಿಲಿಪ್ಸ್ ಲವ್‌ಕ್ರಾಫ್ಟ್ (೧೮೯೦–೧೯೩೭) ೧೯೨೬ರಲ್ಲಿ ಬರೆದ, ೧೯೨೮ರಲ್ಲಿ 'ವಿಯರ್ಡ್ ಟೇಲ್ಸ್' ಪತ್ರಿಕೆಯಲ್ಲಿ ಅಚ್ಚಾದ ಕತೆಯ ಹೆಸರೇ ಆಟಕ್ಕೂ ಹೆಸರು.

ಈ ವಿದ್ಯಾರ್ಥಿಗಳಲ್ಲೊಬ್ಬ ನನ್ನಲ್ಲಿಗೆ ಬಂದು, 'ಸಾರ್, ನಾನು ಗೂಢವಿದ್ಯೆ ಬಲ್ಲವನ ಪಾತ್ರ ಹಿಡಿಯಬೇಕೆಂದಿದ್ದೇನೆ. ಸೂತ್ರಧಾರ, ನೀನು ಎಲ್ಲವನ್ನೂ ಬಲ್ಲೆ ಎಂದಾದರೆ ನನ್ನ ಕತೆ ಕೆಟ್ಟಿತು ಎನ್ನುತ್ತಾನೆ. ಏನು ಮಾಡಲಿ?' ಎಂದು ಕೇಳಿದ. ಕುತೂಹಲದಿಂದ ನಾನು ಆಟದ ನಿಯಮಗ್ರಂಥವನ್ನು ತರಿಸಿ ಓದಿದೆ. ಛಂದಶ್ಶಾಸ್ತ್ರವನ್ನು ಓದುವ ಅಭ್ಯಾಸವಿದ್ದವನಿಗೆ ಅದೇನೂ ಕಠಿನವಲ್ಲ.

ಅದರಲ್ಲಿ ನನಗೆ ಬಹಳ ಹಿಡಿಸಿದ್ದು ಒಂದು ವಿಭಜನೆ. ಲೋಕದಲ್ಲಿ ಜನ ನಂಬಿಕೊಂಡು ಬಂದ ಮಾಟಮಂತ್ರ, ಜ್ಯೋತಿಷ, ರಸವಾದ, ರಹಸ್ಯಮಂಡಲಿಗಳ ತಿಳಿವಳಿಕೆಗೆ ಆಟದಲ್ಲಿ 'ಗೂಢವಿದ್ಯೆ' ಎಂದು ಹೆಸರು, ಎಲ್ಲ ಪಾತ್ರಗಳಿಗೂ ಅದರಲ್ಲಿ ನೂರಕ್ಕೆ ೫ ಅಂಕ ಹುಟ್ಟಿನಿಂದಲೇ ಬಂದಿರುತ್ತದೆ, ಪರಿಶ್ರಮದಿಂದ ಹೆಚ್ಚಿಸಿಕೊಳ್ಳಬಹುದು. ಲವ್‌ಕ್ರಾಫ್ಟನ ಕತೆಗಳ ನಿಜವಾದ ಘೋರಸತ್ಯದ ತಿಳಿವಳಿಕೆ ಬೇರೆಯೇ. ಅದರ ಹೆಸರು 'ಕುಥುಲು ಮಿಥಾಸ್'. ಅದು ಸೊನ್ನೆಯಿಂದ ಆರಂಭ. ಸೂತ್ರಧಾರನ ಅಪ್ಪಣೆಯಿಲ್ಲದೆ ಯಾವ ಪಾತ್ರಕ್ಕೂ ಅದನ್ನು ಮೊದಲೇ ಕೊಡುವಂತಿಲ್ಲ. ಗೂಢವಿದ್ಯೆಯಲ್ಲಿ ಎಪ್ಪತ್ತು ಅಂಕ ಗಳಿಸಿದ ಪಂಡಿತನೂ ಎರಡನೆಯದರಲ್ಲಿ ಕೈಗೂಸು. ಅವನು ಓದಿದ್ದೆಲ್ಲವೂ ಮನುಷ್ಯರ ನಂಬಿಕೆಗಳ ಇತಿಹಾಸ. ಕೋಣೆಯೊಳಗೆ ಇರುವುದಾದರೋ ಮನುಷ್ಯರಿಗೆ ಸಂಬಂಧವೇ ಇಲ್ಲದ ವಸ್ತು.

ಹೀಗಾದರೆ ಪಂಡಿತನಿಂದ ಪ್ರಯೋಜನವೇನು ಎಂದು ಕೇಳಬಹುದು. ಪ್ರಯೋಜನ ಬಹಳ ಉಂಟು. ಗೋಡೆಯ ಮೇಲಿನ ಗುರುತು ೧೮೮೮ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ 'ಗೋಲ್ಡನ್ ಡಾನ್' ಮಂಡಲಿಯದೋ, ಮಕ್ಕಳ ಗೀಚೋ ಎಂದು ಅವನು ಹೇಳಬಲ್ಲ. ಪುರಾತನವೆಂದು ಮಾರಲು ತಂದ ಪುಸ್ತಕ ಈಚಿನ ಕೃತ್ರಿಮವೆಂದು ಗುರುತಿಸಬಲ್ಲ. ಸೂತ್ರಧಾರನು ಅವನಿಗೆ ಸುಳ್ಳು ಹೇಳಬಾರದು. ಅವನ ವಿದ್ಯೆಗೆ ತಕ್ಕ ಉತ್ತರವನ್ನು ಪ್ರತಿಸಲವೂ ಧಾರಾಳವಾಗಿ ಕೊಡಬೇಕು. ಆಗಲೇ ಒಂದು ದಿನ ಆ ಪಂಡಿತ, 'ಇದು ಯಾವ ಗ್ರಂಥದಲ್ಲೂ ಇಲ್ಲ' ಎಂದಾಗ ಮೇಜಿನ ಸುತ್ತಲಿನವರ ಎದೆ ಝಲ್ಲೆನ್ನುವುದು. ಅರಿಯದವನು ಅರಿಯೆನೆಂದರೆ ಯಾರೂ ಹೆದರುವುದಿಲ್ಲ.

ಲವ್‌ಕ್ರಾಫ್ಟ್ ತಾನೇ ಇದನ್ನು ಎಲ್ಲೆಡೆಯೂ ಪಾಲಿಸಲಿಲ್ಲವೆಂಬುದು ನನ್ನ ಅಭಿಪ್ರಾಯ. ೧೯೨೯ರಲ್ಲಿ ಅಚ್ಚಾದ 'ದಿ ಡನ್‌ವಿಚ್ ಹಾರರ್' ಕತೆಯಲ್ಲಿ ಮುದಿ ಗ್ರಂಥಪಾಲಕ ಆರ್ಮಿಟೇಜ್ ಗುಪ್ತಲಿಪಿಯ ದಿನಚರಿಯನ್ನು ಬಿಡಿಸಿ ಓದಿ, ಬೆಟ್ಟದ ಮೇಲೆ ಮಂತ್ರ ಹೇಳಿ ಪೀಡೆಯನ್ನು ಕಳೆಯುತ್ತಾನೆ. ಜನಪ್ರಿಯವಾದ ಕತೆ, ಆದರೆ ಬಲ್ಲವನು ಗೆದ್ದನೆಂಬಲ್ಲಿಗೆ ಭಯ ಕರಗಿಹೋಗುತ್ತದೆ. ಲವ್‌ಕ್ರಾಫ್ಟ್ ಗೂಢವಿದ್ಯೆಯನ್ನು ಕಿಂಚಿತ್ತೂ ನಂಬದ ನಿರೀಶ್ವರವಾದಿ ಎಂಬುದನ್ನೂ ಇಲ್ಲಿ ನೆನೆಯಬೇಕು. ಕಪಟ ಪ್ರೇತವಾದಿಗಳನ್ನು ಬಯಲಿಗೆಳೆಯುತ್ತಿದ್ದ ಇಂದ್ರಜಾಲಿಗ ಹೌಡಿನಿಯ ಪರವಾಗಿ, ಮೂಢನಂಬಿಕೆಗಳನ್ನು ಖಂಡಿಸುವ ಪುಸ್ತಕದ ಕೆಲಸವನ್ನು ೧೯೨೬ರಲ್ಲಿ ಅವನು ಕೈಗೊಂಡಿದ್ದ. ಅದೇ ವರ್ಷ ಹೌಡಿನಿ ತೀರಿಕೊಂಡದ್ದರಿಂದ ಅದು ನಿಂತುಹೋಯಿತು. ಇಷ್ಟು ವಿಚಾರವಂತನಾದವನೇ ಪರದೇಶಗಳಿಂದ ಬಂದ ಬಡವರನ್ನು ವಾಮಾಚಾರಿಗಳೆಂದು ಕಂಡನೆಂಬುದು ಖೇದದ ಸಂಗತಿ. ಅವನ 'ರೆಡ್ ಹುಕ್' ಕತೆಯನ್ನು ಓದಿದವರು ಈ ಮಾತನ್ನು ಒಪ್ಪುವರು.

ನನ್ನ ಶಿಷ್ಯನು ಕೊನೆಗೆ ಕಟ್ಟಿಕೊಂಡ ಪಾತ್ರ ಇದು. ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ತಾಳೆಯೋಲೆಗಳನ್ನು ಪ್ರತಿಮಾಡುತ್ತಿದ್ದ ಪಂಡಿತ. ಶಾಮಶಾಸ್ತ್ರಿಗಳ 'ಅರ್ಥಶಾಸ್ತ್ರ' ೧೯೦೯ರಲ್ಲಿ ಅಚ್ಚಾದಾಗ ಅಲ್ಲಿದ್ದವನು. ಬಳಿಕ ಅಡ್ಯಾರಿನ ಥಿಯಸಾಫಿಕಲ್ ಸೊಸೈಟಿಯ ಗ್ರಂಥಾಲಯಕ್ಕೆ ಹೋದವನು. ಅಲ್ಲಿಂದ ಉಪನ್ಯಾಸ ಪ್ರವಾಸದ ನೆಪದಲ್ಲಿ ೧೯೨೫ರ ಪ್ರಾವಿಡೆನ್ಸ್ ನಗರಕ್ಕೆ. ಇದು ಎಳೆದುತಂದ ನಂಟಲ್ಲ. ೧೮೭೫ರಲ್ಲಿ ನ್ಯೂಯಾರ್ಕಿನಲ್ಲಿ ಹುಟ್ಟಿ ೧೮೮೨ರಲ್ಲಿ ಅಡ್ಯಾರಿಗೆ ಬಂದ ಸೊಸೈಟಿ ಅದು. ಆಟಕ್ಕೆ ಹೆಸರು ಕೊಟ್ಟ ಕತೆ ಅದರವರನ್ನು ಮೊದಲಲ್ಲೇ ನೆನೆಯುತ್ತದೆ. ೧೯೧೭ರ ಕಾನೂನಿನಂತೆ ಅಮೆರಿಕದಲ್ಲಿ ಭಾರತೀಯರು ನೆಲೆಸಲು ತಡೆಯಿದ್ದು, ವಿದ್ಯಾರ್ಥಿ, ಪ್ರವಾಸಿ ಮೊದಲಾದವರಿಗಷ್ಟೇ ವಿನಾಯಿತಿ ಇತ್ತೆಂದು ನಾನು ನೆನಪಿಸಿದೆ. ಊರಿನ ಪೊಲೀಸಿನವರು ತನ್ನನ್ನೇ ಮೊದಲು ಶಂಕಿಸುವರೆಂಬ ಅಂಜಿಕೆ ಪಾತ್ರಕ್ಕೆ ತಾನಾಗಿ ಬಂತು.

ಅಡ್ಡಿ ಬಂದದ್ದು ಎಣಿಸದ ಕಡೆಯಿಂದ. ಆಡುವವರಲ್ಲೊಬ್ಬಳ ಅಜ್ಜಿಗೆ, ಮಗ ಕಾಯಿಲೆ ಬಿದ್ದಾಗ, ಯಾರೋ ಮಾಟ ಮಾಡಿಸಿದ್ದಾರೆಂದು ಹೇಳಿ ಮಂತ್ರವಾದಿಯೊಬ್ಬ ಎರಡು ಎಕರೆ ಗದ್ದೆ ಮಾರಿಸಿದನಂತೆ. ಗದ್ದೆಯೂ ಹೋಯಿತು, ಮಗನೂ ಉಳಿಯಲಿಲ್ಲ; ನೆರೆಮನೆಯವರ ಮೇಲಿನ ಸಂಶಯ ಮಾತ್ರ ಉಳಿಯಿತು. 'ಅಂಥವನನ್ನು ಆಟಕ್ಕೆ ತರುವುದಾದರೆ ನಾನು ಬರುವುದಿಲ್ಲ' ಎಂದಳು. ನಮ್ಮ ರಾಜ್ಯದಲ್ಲಿ ವಾಮಾಚಾರ ಮತ್ತು ಅಮಾನವೀಯ ದುಷ್ಟಪದ್ಧತಿಗಳ ವಿರುದ್ಧ ೨೦೧೭ರ ಅಧಿನಿಯಮವೇ ಇದೆ, ೨೦೨೦ರಿಂದ ಜಾರಿಯಲ್ಲಿದೆ. ಕಾನೂನು ಬೇಕಾಯಿತೆಂಬುದೇ ಅವಳ ಮಾತು ಬರಿಯ ಮುನಿಸಲ್ಲವೆಂಬುದಕ್ಕೆ ಸಾಕ್ಷಿ. ಇಂಥ ಆಟಗಳಲ್ಲಿ ಕತೆಗೆ ಮೊದಲು ಒಂದು ದಿನ ಕುಳಿತು, ಯಾವುದು ಬೇಕು, ಯಾವುದು ಬೇಡ ಎಂದು ಮಾತಾಡಿಕೊಳ್ಳುವ ಪದ್ಧತಿಯುಂಟು. ನಮ್ಮ ನಾಟಕ ಮಂಡಲಿಗಳಿಗೂ ಇದಿದ್ದಿದ್ದರೆ ಎಷ್ಟೋ ಜಗಳ ಉಳಿಯುತ್ತಿತ್ತು! ಅವಳು ಎರಡು ಕಟ್ಟುಗಳನ್ನು ಹಾಕಿದಳು: ಪಂಡಿತ ಹೆದರಿದವರಿಂದ ದುಡ್ಡು ಮುಟ್ಟಬಾರದು, ನಿನಗೆ ಇಂಥವರು ಮಾಟ ಮಾಡಿದ್ದಾರೆಂದು ಯಾರಿಗೂ ಹೇಳಬಾರದು. ಇವನು ಒಪ್ಪಿದ. ಅವಳು ವೈದ್ಯೆಯ ಪಾತ್ರ ಹಿಡಿದಳು.

ಆ ಎರಡು ಕಟ್ಟುಗಳೇ ಪಾತ್ರಕ್ಕೆ ಮೂಳೆಯನ್ನು ಕೊಟ್ಟವು. ವಿದ್ಯೆಯಿಂದ ಯಾರ ಮೇಲೂ ಅಧಿಕಾರ ನಡೆಸದ ಗೂಢವಿದ್ಯಾವಂತ ಮತ್ತೇನು ಮಾಡುತ್ತಾನೆ? ಓದುತ್ತಾನೆ. ಏಳನೆಯ ಆವೃತ್ತಿಯ ಒಂದು ನಿಯಮ ಇಲ್ಲಿ ಅವನಿಗೆ ಒದಗಿತು. ಘೋರಗ್ರಂಥವನ್ನು ನಂಬದೆ ಓದಿದವನಿಗೆ ತಿಳಿವಳಿಕೆಯ ಅಂಕ ಬರುತ್ತದೆ, ಚಿತ್ತಸ್ವಾಸ್ಥ್ಯಕ್ಕೆ ಹಾನಿಯಿಲ್ಲ. ಆದರೆ ಯಾವತ್ತು ಅಂಥದನ್ನು ಕಣ್ಣಾರೆ ಕಂಡು ನಂಬುತ್ತಾನೋ, ಅಂದು ಅಷ್ಟೂ ಅಂಕ ಒಮ್ಮೆಗೇ ಚಿತ್ತದಿಂದ ಕಳೆದುಹೋಗುತ್ತದೆ. ಸಾಲದ ಪತ್ರವೊಂದು ಪೆಟ್ಟಿಗೆಯಲ್ಲಿ ಕುಳಿತಂತೆ. ಪಂಡಿತ ಮೂರು ತಿಂಗಳ ಆಟದಲ್ಲಿ, 'ಪಾಠಭೇದ ನೋಡಿದರೆ ಇದು ಕೃತ್ರಿಮ' ಎನ್ನುತ್ತಾ ಒಂದು ಹಸ್ತಪ್ರತಿಯನ್ನು ಓದಿ ಮುಗಿಸಿದ; ಪತ್ರದ ಮೊತ್ತ ೧೧ ಆಯಿತು.

ಮತ್ತೊಂದು ನಿಯಮ ಇನ್ನೂ ಕಟು. ಒಂದೇ ಪೆಟ್ಟಿಗೆ ಐದು ಅಥವಾ ಹೆಚ್ಚು ಅಂಕ ಚಿತ್ತಸ್ವಾಸ್ಥ್ಯ ಕಳೆದುಕೊಂಡವನು ತನ್ನ ಬುದ್ಧಿಶಕ್ತಿಯ ಮೇಲೆ ದಾಳ ಹಾಕಬೇಕು. ಸೋತರೆ ಮನಸ್ಸು ಕಂಡದ್ದನ್ನು ಮುಚ್ಚಿಕೊಂಡು ಪಾರಾಗುತ್ತದೆ. ಗೆದ್ದರೆ ಕಂಡದ್ದು ಪೂರ್ತಿ ಅರ್ಥವಾಗುತ್ತದೆ, ಅವನಿಗೆ ಹುಚ್ಚು ಹಿಡಿಯುತ್ತದೆ.

ನಾನು ನೋಡಲು ಹೋದ ಸಂಜೆ ಅವರು ನದಿಯ ದಂಡೆಯ ಹಳೆಯ ಮನೆಯೊಂದರ ನೆಲಮಾಳಿಗೆಗೆ ಇಳಿದಿದ್ದರು. ಸೂತ್ರಧಾರ ಎರಡೇ ವಾಕ್ಯಗಳಲ್ಲಿ ವರ್ಣಿಸಿದ. ಕಂಡದ್ದಕ್ಕೇ ಪಂಡಿತನಿಗೆ ೬ ಅಂಕ ಹೋಯಿತು. ಹಳೆಯ ಸಾಲ ೧೧ ಕೂಡಿ, ೬೦ ಇದ್ದ ಚಿತ್ತ ೪೩ಕ್ಕೆ ಇಳಿಯಿತು. ಬುದ್ಧಿಶಕ್ತಿ ೮೦, ದಾಳದಲ್ಲಿ ೩೪ ಬಿತ್ತು. ಗೆದ್ದ. ಯಾರೂ ಚಪ್ಪಾಳೆ ತಟ್ಟಲಿಲ್ಲ. ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದು, ಪಂಡಿತನ ದನಿಯಲ್ಲಿ, 'ಡಾಕ್ಟರೆ, ಆ ಓಲೆಯಲ್ಲಿ ಇದನ್ನು ಕಟ್ಟುವ ಸಾಲುಗಳಿವೆ. ನಾನು ಓದಲೆ?' ಎಂದ.

ಆಕೆ ಬಹಳ ಹೊತ್ತು ದಾಳವನ್ನೇ ನೋಡುತ್ತಿದ್ದಳು. 'ಓದಬೇಡಿ, ಪಂಡಿತರೆ. ನಿಮ್ಮ ಕೈ ಇತ್ತ ಕೊಡಿ' ಎಂದು, ತನ್ನ ಪಾತ್ರ ಅವನನ್ನು ಮೆಟ್ಟಿಲವರೆಗೆ ಎಳೆದೊಯ್ಯುತ್ತದೆಂದು ಸೂತ್ರಧಾರನಿಗೆ ತಿಳಿಸಿದಳು. ಓಲೆಯ ಕಟ್ಟು ನೆಲಮಾಳಿಗೆಯಲ್ಲೇ ಉಳಿಯಿತು. ಅದನ್ನು ಸುಡಲು ಮತ್ತೆ ಇಳಿಯಬೇಕೆ, ಇಳಿದರೆ ಪಂಡಿತನನ್ನು ಕರೆದೊಯ್ಯಬೇಕೆ ಎಂಬ ಚರ್ಚೆ ರಾತ್ರಿ ಹತ್ತು ಗಂಟೆಯವರೆಗೆ ನಡೆದು, ಮುಂದಿನ ಭಾನುವಾರಕ್ಕೆ ಹೋಯಿತು.