ಪೆನ್ಷನ್ ಇದ್ದವರು ಕೆಲಸಕ್ಕೆ ಹೋದರೆ



ರಿಟೈರಾದ ಮೇಷ್ಟ್ರೊಬ್ಬರನ್ನು ಖಾಸಗಿ ಶಾಲೆಯವರು ಕರೆಯುತ್ತಾರೆ: "ದಿನಕ್ಕೆ ಎರಡು ಪೀರಿಯಡ್ ಕನ್ನಡ ಹೇಳಿಕೊಡಿ ಸಾರ್, ಕೈಲಾದಷ್ಟು ಕೊಡುತ್ತೇವೆ." ಮೇಷ್ಟ್ರಿಗೆ ಆಸೆಯೂ ಇದೆ, ಕಸುವೂ ಇದೆ. ಅಷ್ಟರಲ್ಲಿ ಕಟ್ಟೆಯ ಮೇಲೆ ಕೂತವರೊಬ್ಬರು, "ಪೆನ್ಷನ್ ನಿಂತೀತು, ಹುಷಾರು" ಎನ್ನುತ್ತಾರೆ. ಅಲ್ಲಿಗೆ ಪಾಠ ನಿಂತಿತು. ಆದೋನಿ, ಆಲೂರು, ಕೌತಾಳಂ, ಹೊಳಗುಂದ ಕಡೆಯ ಕನ್ನಡ ಮಕ್ಕಳಿಗೆ ಇದು ಸಣ್ಣ ನಷ್ಟವಲ್ಲ.

ಪೆನ್ಷನ್ ಸರ್ಕಾರ ಕೊಡುವ ಭಿಕ್ಷೆಯಲ್ಲ. 1971ರಲ್ಲಿ ದೇವಕೀನಂದನ ಪ್ರಸಾದ್ ಮೊಕದ್ದಮೆಯಲ್ಲಿಯೂ 1982ರ ಡಿಸೆಂಬರ್ 17ರಂದು ನಕಾರಾ ಮೊಕದ್ದಮೆಯಲ್ಲಿಯೂ ಸುಪ್ರೀಂ ಕೋರ್ಟು ಇದನ್ನು ಸ್ಪಷ್ಟಪಡಿಸಿತು: ಅದು ಸಲ್ಲಿಸಿದ ಸೇವೆಗೆ ಬಂದ ಹಕ್ಕು. ಹೀಗಾಗಿ ಸಾಮಾನ್ಯ ಮೇಷ್ಟ್ರು, ಗುಮಾಸ್ತರು ಖಾಸಗಿಯಾಗಿ ದುಡಿದರೆ ಪೆನ್ಷನ್ ಕಡಿತವಾಗುವುದಿಲ್ಲ. ಎರಡೂ ವರಮಾನ ಕೂಡಿ ಆದಾಯ ತೆರಿಗೆಯ ಲೆಕ್ಕಕ್ಕೆ ಬರುತ್ತವೆ, ಅಷ್ಟೆ. ಕೇಂದ್ರದ 'ಎ' ಗುಂಪಿನ ಅಧಿಕಾರಿಗಳು ಮಾತ್ರ ನಿವೃತ್ತಿಯಾದ ಒಂದು ವರ್ಷದೊಳಗೆ ಖಾಸಗಿ ಕೆಲಸ ಹಿಡಿಯಲು ಮೊದಲೇ ಅನುಮತಿ ಪಡೆಯಬೇಕು. ರಾಜ್ಯದ ಗೆಜೆಟೆಡ್ ಹುದ್ದೆಯಲ್ಲಿದ್ದವರು ಒಪ್ಪಿಗೆ ಕೊಡುವ ಮುನ್ನ ಸಬ್ ಟ್ರೆಜರಿಯಲ್ಲಿ ವಿಚಾರಿಸುವುದು ಲೇಸು.

ಸರ್ಕಾರವೇ ಮತ್ತೆ ಕರೆದರೆ? ಗೊಂದಲ ಹುಟ್ಟುವುದು ಇಲ್ಲಿ. ಕೇಂದ್ರವು 2020ರ ಡಿಸೆಂಬರಿನಲ್ಲಿ ಹೊರಡಿಸಿದ ಆದೇಶದಂತೆ, ಗುತ್ತಿಗೆಯ ಮೇಲೆ ಕರೆಸಿಕೊಂಡವರಿಗೆ ಕೊನೆಯ ಮೂಲ ವೇತನದಿಂದ ಮೂಲ ಪೆನ್ಷನ್ ಕಳೆದು ಉಳಿದದ್ದು ಸಂಬಳ. ಕೊನೆಯ ವೇತನ 60,000, ಪೆನ್ಷನ್ 30,000 ಎನ್ನಿ; ಸಂಬಳ 30,000 ಬರುತ್ತದೆ, ಪೆನ್ಷನ್ ಬೇರೆ ಬರುತ್ತದೆ. ಕತ್ತರಿ ಬಿದ್ದದ್ದು ಸಂಬಳಕ್ಕೆ, ಪೆನ್ಷನ್ನಿಗಲ್ಲ. ಅಧಿಕಾರಿ ದರ್ಜೆಗಿಂತ ಕೆಳಗಿದ್ದ ಮಾಜಿ ಸೈನಿಕರು ಕೇಂದ್ರದ ಸಿವಿಲ್ ನೌಕರಿಗೆ ಸೇರಿದರೆ ಅವರ ಪೆನ್ಷನ್ನನ್ನು ಈ ಲೆಕ್ಕಕ್ಕೆ ಹಿಡಿಯುವುದೇ ಇಲ್ಲ.

1953ರ ಅಕ್ಟೋಬರ್ 1ರಂದು ಆದೋನಿ, ಆಲೂರು ತಾಲೂಕುಗಳು ಬಳ್ಳಾರಿ ಜಿಲ್ಲೆಯಿಂದ ಆಂಧ್ರಕ್ಕೆ ಸೇರಿದವು. ಬೀಗತನ ಮಾತ್ರ ಕಡಿಯಲಿಲ್ಲ. ಈಗ ಸಿರುಗುಪ್ಪದ ಅಣ್ಣನಿಗೆ 60ಕ್ಕೆ ನಿವೃತ್ತಿ; ಇತ್ತ, 2022ರಿಂದ, ತಮ್ಮನಿಗೆ 62ಕ್ಕೆ. ಅಣ್ಣನವರು ಕರ್ನಾಟಕದ ಪೆನ್ಷನ್ ಪಡೆಯುತ್ತಲೇ ಇಲ್ಲಿಯ ಖಾಸಗಿ ಶಾಲೆಯಲ್ಲಿ ಪಾಠ ಹೇಳಬಹುದು.

ಇನ್ನು ಹತ್ತಿ ಮಿಲ್ಲು, ಎಣ್ಣೆ ಮಿಲ್ಲಿನವರ ಮಾತು. ಪಿ.ಎಫ್. ಕಟ್ಟಿದವರಿಗೆ 1995ರ ನವೆಂಬರ್ 16ರಿಂದ ಪೆನ್ಷನ್ ಯೋಜನೆ ಇದೆ. ಹತ್ತು ವರ್ಷದ ಸೇವೆಯಿದ್ದು 58 ತುಂಬಿದರೆ, ಮಿಲ್ಲಿನಲ್ಲಿ ದುಡಿಯುತ್ತಲೇ ಪೆನ್ಷನ್ ಪಡೆಯಬಹುದು. ಆಮೇಲೆ ಮಾಲೀಕರ ಪಾಲು ಪೆನ್ಷನ್ ನಿಧಿಗೆ ಹೋಗದೆ ಪೂರ್ತಿ ಪಿ.ಎಫ್. ಖಾತೆಗೆ ಬರಬೇಕು, ಬರುತ್ತಿದೆಯೇ ಎಂದು ಪಾಸ್‌ಬುಕ್ ನೋಡಿಕೊಳ್ಳಿ. ಕೆಲಸ ಬಿಟ್ಟವರು 50 ತುಂಬಿದ ಮೇಲೆಯೇ ಕೇಳಬಹುದು, ಆದರೆ 58ಕ್ಕೆ ಕಡಿಮೆ ಬಿದ್ದ ಪ್ರತಿ ವರ್ಷಕ್ಕೆ ಶೇಕಡಾ 4ರಂತೆ ಕಡಿತ, ಅದೂ ಬದುಕಿರುವವರೆಗೆ. ಆತುರ ಬೇಡ. 2014ರಲ್ಲಿ ಗೊತ್ತುಮಾಡಿದ ಕನಿಷ್ಠ ಪೆನ್ಷನ್ ತಿಂಗಳಿಗೆ 1,000 ರೂಪಾಯಿ. ಅಷ್ಟರಲ್ಲಿ ಕೂತು ಉಣ್ಣುವುದು ಯಾರಿಗೆ ಸಾಧ್ಯ?

ವರ್ಷಕ್ಕೊಮ್ಮೆ ಜೀವಿತ ಪ್ರಮಾಣಪತ್ರ ಕೊಡುವಾಗ, ಮತ್ತೆ ನೌಕರಿಗೆ ಸೇರಿದ್ದೀರಾ ಎಂಬ ಸಾಲು ಇರುತ್ತದೆ. ಓದದೆ ಹೆಬ್ಬೆಟ್ಟು ಒತ್ತಬೇಡಿ. ಸರ್ಕಾರಿ ಕೆಲಸಕ್ಕೆ ಮರಳಿದ್ದನ್ನು ಮುಚ್ಚಿಟ್ಟರೆ ಪೆನ್ಷನ್ ಮೇಲಿನ ತುಟ್ಟಿಭತ್ಯೆ ಹೆಚ್ಚು ಬಂದಿದೆಯೆಂದು ವಸೂಲಿಗೆ ಬರಬಹುದು. ನೇಮಕದ ಕಾಗದ, ಪೆನ್ಷನ್ ಆದೇಶದ ಪ್ರತಿ ಎರಡನ್ನೂ ಹಿಡಿದು ಟ್ರೆಜರಿಗೋ ಬ್ಯಾಂಕಿಗೋ ಹೋಗಿ, ಉತ್ತರವನ್ನು ಬರಹದಲ್ಲೇ ಕೇಳಿ.